ಮನೋರೋಗ, ಔಷಧ ಮತ್ತು ಗಾಂಜಾ

ಮನೋರೋಗವೆಂಬುದು ದೇಹದ ವ್ಯಾಧಿಯೇ, ಬಾಳಿನ ಸಂಕಟಕ್ಕೆ ವೈದ್ಯರು ಇಟ್ಟ ಹೆಸರೇ, ಅಥವಾ ಇವೆರಡೂ ಬೆರೆತ ಮೂರನೆಯದೊಂದೇ ಎಂಬ ವಿವಾದವು ಹತ್ತೊಂಬತ್ತನೆಯ ಶತಮಾನದಿಂದ ಇಂದಿನವರೆಗೂ ನಡೆದುಬಂದಿದೆ. ಇದರಲ್ಲಿ ವಾದಿ ಪ್ರತಿವಾದಿಗಳಿಬ್ಬರೂ ತಮ್ಮ ಸಾಕ್ಷ್ಯವನ್ನು ಬಹುಮಟ್ಟಿಗೆ ಎರಡು ಬಗೆಯ ದ್ರವ್ಯಗಳಿಂದಲೇ ಪಡೆದಿದ್ದಾರೆ: ಕೆಟ್ಟ ಮನಸ್ಸನ್ನು ಸ್ತಿಮಿತಕ್ಕೆ ತರುವ ಔಷಧಗಳು ಒಂದು ಕಡೆ, ನೆಟ್ಟಗಿರುವ ಮನಸ್ಸನ್ನೂ ಕೆಲಕಾಲ ಕದಡಬಲ್ಲ ಗಾಂಜಾದಂಥ ಮಾದಕಗಳು ಇನ್ನೊಂದು ಕಡೆ. ಮಾತ್ರೆಯಿಂದ ಭ್ರಮೆ ಇಳಿಯುವುದಾದರೆ ಅದು ಮಿದುಳಿನ ರಸಾಯನದ ದೋಷವೇ ಆಗಿರಬೇಕೆಂದು ಒಬ್ಬರೂ, ಗಾಂಜಾದಿಂದ ಭ್ರಮೆ ಏರುವುದಾದರೆ ಹುಚ್ಚಿನ ಬೀಜ ಆ ಗಿಡದಲ್ಲೇ ಇದೆಯೆಂದು ಇನ್ನೊಬ್ಬರೂ, ಸಮಾಜಕ್ಕೆ ಒಗ್ಗದ ನಡತೆಯನ್ನು ರೋಗವೆಂದು ಕರೆದು ಮಾತ್ರೆಯಿಂದ ಅಡಗಿಸಲಾಗುತ್ತಿದೆಯೆಂದು ಮತ್ತೊಬ್ಬರೂ ವಾದಿಸುತ್ತ ಬಂದಿದ್ದಾರೆ. ದ್ರವ್ಯವೊಂದರ ಪರಿಣಾಮವನ್ನು ಕಂಡು ರೋಗದ ಕಾರಣವನ್ನು ಊಹಿಸಿಬಿಡುವುದು ಈ ಎಲ್ಲ ಪಕ್ಷಗಳಿಗೂ ಸಮಾನವಾದ ದೌರ್ಬಲ್ಯವೆಂಬುದು ಮುಂದಿನ ವಿವರಗಳಿಂದ ವ್ಯಕ್ತವಾಗುತ್ತದೆ.

ಪೂರ್ವೇತಿಹಾಸ

ಭಾರತೀಯ ವೈದ್ಯಪರಂಪರೆಯು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎದುರಿಸಿತ್ತು. ಚರಕಸಂಹಿತೆಯು ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸಿ, ವಾತ, ಪಿತ್ತ, ಕಫಗಳಲ್ಲಿ ಒಂದೊಂದರ ಪ್ರಕೋಪದಿಂದಲೂ ಮೂರರ ಸನ್ನಿಪಾತದಿಂದಲೂ ಹುಟ್ಟುವ ನಾಲ್ಕನ್ನು ನಿಜವೆಂದೂ, ದೇವ, ಗಂಧರ್ವ, ಪಿಶಾಚಾದಿಗಳ ಆವೇಶದಿಂದ ಒದಗುವ ಐದನೆಯದನ್ನು ಆಗಂತುವೆಂದೂ ಕರೆಯುತ್ತದೆ. ಕಾರಣಗಳನ್ನು ಎಣಿಸುವಾಗ ವಿರುದ್ಧಾಹಾರದ ಪಕ್ಕದಲ್ಲಿಯೇ ಭಯವನ್ನೂ ಅತಿಹರ್ಷವನ್ನೂ ಇರಿಸುವ ಆ ಗ್ರಂಥವು, ಆಗಂತುವಿನ ಮೂಲವನ್ನು ಕೂಡ ಕೊನೆಗೆ ರೋಗಿಯ ಪ್ರಜ್ಞಾಪರಾಧಕ್ಕೇ ಹಿಂದಿರುಗಿಸುತ್ತದೆ. ದೇಹ, ಮನಸ್ಸು, ನಡತೆ ಇವುಗಳ ನಡುವೆ ಗೋಡೆ ಕಟ್ಟದಿರುವುದು ಈ ನಿರೂಪಣೆಯ ವೈಶಿಷ್ಟ್ಯ.

ಮಾದಕದ ಮೂಲಕ ಹುಚ್ಚನ್ನು ಅರಿಯುವ ಪ್ರಯತ್ನವನ್ನು ಕ್ರಮಬದ್ಧವಾಗಿ ಮೊದಲು ಕೈಗೊಂಡವನು ಫ್ರಾನ್ಸಿನ ವೈದ್ಯನಾದ ಜಾಕ್ ಜೋಸೆಫ್ ಮೊರೋ. ಈಜಿಪ್ಟ್, ಸಿರಿಯಾ ಮುಂತಾದ ಪೂರ್ವದೇಶಗಳಲ್ಲಿ ಸಂಚರಿಸಿ ಹಶೀಶಿನ ಬಳಕೆಯನ್ನು ಕಣ್ಣಾರೆ ಕಂಡಿದ್ದ ಈತನು ಪ್ಯಾರಿಸಿಗೆ ಮರಳಿದ ಮೇಲೆ ಅದನ್ನು ತಾನೇ ಸೇವಿಸಿ, ಕಾಲದ ಗಣನೆ ತಪ್ಪುವುದು, ಯೋಚನೆಗಳು ಹಿಡಿತ ಮೀರಿ ಓಡುವುದು, ನಿಷ್ಕಾರಣವಾದ ಸಂಶಯ, ಇಲ್ಲದ್ದನ್ನು ಕಾಣುವುದು, ಕೇಳುವುದು ಇವೆಲ್ಲ ತನ್ನ ರೋಗಿಗಳಲ್ಲಿ ಹೇಗೋ ಹಾಗೆಯೇ ತನ್ನಲ್ಲೂ ತೋರಿ ಕೆಲವು ಗಂಟೆಗಳಲ್ಲಿ ಅಳಿದುಹೋದುದನ್ನು 1845ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವರ್ಣಿಸಿದನು. ಸ್ವಸ್ಥನಿಗೂ ಹುಚ್ಚನಿಗೂ ಇರುವ ಅಂತರವು ಜಾತಿಯದಲ್ಲ, ಪ್ರಮಾಣದ್ದು ಎಂಬುದು ಅವನ ನಿರ್ಣಯದ ಸಾರ. ಇದಕ್ಕೆ ಕೆಲವೇ ವರ್ಷಗಳ ಮೊದಲು, 1839ರಲ್ಲಿ, ಕಲ್ಕತ್ತದಲ್ಲಿದ್ದ ಐರಿಷ್ ವೈದ್ಯ ವಿಲಿಯಂ ಓಶಾಗ್ನೆಸ್ಸಿಯು ಇದೇ ಗಿಡವನ್ನು ಧನುರ್ವಾಯು ಮುಂತಾದ ರೋಗಗಳಲ್ಲಿ ಔಷಧವಾಗಿ ಪ್ರಯೋಗಿಸಿ ಯುರೋಪಿನ ವೈದ್ಯರಿಗೆ ಪರಿಚಯಿಸಿದ್ದನು. ಹೀಗೆ ಒಂದೇ ದಶಕದೊಳಗೆ ಒಂದೇ ಗಿಡವು ಮದ್ದೂ ಆಯಿತು, ಹುಚ್ಚಿನ ಮಾದರಿಯೂ ಆಯಿತು.

ಹುಚ್ಚಾಸ್ಪತ್ರೆಯ ಅಂಕಣ

ಬಂಗಾಳದ ಗಾಂಜಾ ವ್ಯಾಪಾರವನ್ನು ಕುರಿತು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆಯೆದ್ದ ಫಲವಾಗಿ 1893ರಲ್ಲಿ ಭಾರತ ಸರ್ಕಾರವು ಗಾಂಜಾ ಮಾದಕಗಳ ವಿಚಾರಣಾ ಆಯೋಗವೊಂದನ್ನು ನೇಮಿಸಿತು. ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷನಾಗಿದ್ದ ಈ ಆಯೋಗದಲ್ಲಿ ಮೂವರು ಭಾರತೀಯ ಸದಸ್ಯರೂ ಇದ್ದರು. 1,193 ಸಾಕ್ಷಿಗಳನ್ನು ವಿಚಾರಿಸಿ ಅದು ಸಿದ್ಧಪಡಿಸಿದ, ಮೂರು ಸಾವಿರ ಪುಟಗಳನ್ನು ಮೀರುವ ವರದಿಯನ್ನು ಇಂದು ಓದುವವರು ವಿರಳ. ಆದರೆ ಅದರ ಒಂದು ಭಾಗವು, ಅಂದರೆ ಹುಚ್ಚಾಸ್ಪತ್ರೆಗಳ ಪರಿಶೀಲನೆಯ ಭಾಗವು, ಪ್ರಮಾಣಗಳನ್ನು ಹೇಗೆ ಜರಡಿ ಹಿಡಿಯಬೇಕೆಂಬುದಕ್ಕೆ ಇಂದಿಗೂ ನಿದರ್ಶನವಾಗಿ ನಿಲ್ಲುತ್ತದೆ.

ಅಂದಿನ ಹುಚ್ಚಾಸ್ಪತ್ರೆಗಳ ವಾರ್ಷಿಕ ಲೆಕ್ಕಗಳನ್ನು ನಂಬುವುದಾದರೆ ಭಾರತದಲ್ಲಿ ಹುಚ್ಚಿನ ಪ್ರಧಾನ ಕಾರಣಗಳಲ್ಲೊಂದು ಗಾಂಜಾ. ಈ ಲೆಕ್ಕ ಹುಟ್ಟಿದ್ದು ಹೇಗೆಂಬುದನ್ನು ಆಯೋಗವು ಬೆನ್ನಟ್ಟಿತು. ಬೀದಿಯಲ್ಲಿ ತಿರುಗುತ್ತಿದ್ದ ಮತಿವಿಕಲನೊಬ್ಬನನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ ಅವನ ಹೆಸರು, ಊರು, ವೃತ್ತಿ ಇವುಗಳ ವಿವರಪಟ್ಟಿಯೊಂದನ್ನು ತುಂಬಿ ಅವನೊಡನೆ ಆಸ್ಪತ್ರೆಗೆ ಕಳುಹಿಸಬೇಕಾಗಿತ್ತು. ಆ ಪಟ್ಟಿಯಲ್ಲಿ ಹುಚ್ಚಿಗೆ ಕಾರಣವೇನೆಂಬ ಅಂಕಣವೂ ಒಂದಿತ್ತು. ಏನನ್ನಾದರೂ ಬರೆಯಲೇಬೇಕಾದ್ದರಿಂದ, ಆ ಮನುಷ್ಯನಿಗೆ ಗಾಂಜಾ ಸೇದುವ ಅಭ್ಯಾಸವಿತ್ತೆಂದು ಯಾರಾದರೂ ಹೇಳಿದರೆ, ಕೆಲವು ಸಲ ಯಾರೂ ಹೇಳದಿದ್ದರೂ, ಅಲ್ಲಿ ಗಾಂಜಾ ಎಂದು ಬರೆದು ಮುಗಿಸಲಾಗುತ್ತಿತ್ತು. ಪೊಲೀಸನ ಬರಹವನ್ನು ಆಸ್ಪತ್ರೆಯ ಗುಮಾಸ್ತನು ದಾಖಲೆಪುಸ್ತಕಕ್ಕೆ ಏರಿಸುತ್ತಿದ್ದನು, ದಾಖಲೆಪುಸ್ತಕದ ಮೊತ್ತವನ್ನು ಮೇಲ್ವಿಚಾರಕನು ವರದಿಗೆ ಏರಿಸುತ್ತಿದ್ದನು, ವರದಿಯನ್ನು ಪಾರ್ಲಿಮೆಂಟಿನಲ್ಲಿ ಪ್ರಮಾಣವೆಂದು ಓದುತ್ತಿದ್ದರು. 1892ನೆಯ ವರ್ಷ ದಾಖಲಾದ 1,344 ರೋಗಿಗಳಲ್ಲಿ 222 ಮಂದಿಯ ಹೆಸರಿನ ಮುಂದೆ ಗಾಂಜಾ ಎಂದಿದ್ದುದನ್ನು ಆಯೋಗವು ಒಂದೊಂದಾಗಿ ಮರುವಿಚಾರಣೆಗೆ ಒಳಪಡಿಸಿ, ಬಂಧುಗಳನ್ನೂ ಊರಿನವರನ್ನೂ ಕೇಳಿಸಿದ ಮೇಲೆ, ಗಾಂಜಾಕ್ಕೂ ಹುಚ್ಚಿಗೂ ಸಂಬಂಧವಿದ್ದಿರಬಹುದೆಂದು ಒಪ್ಪಲಾದವರ ಸಂಖ್ಯೆ 98ಕ್ಕೆ ಇಳಿಯಿತು. ಅವರಲ್ಲೂ ಹಲವರ ವಿಷಯದಲ್ಲಿ ಬೇರೆ ಕಾರಣಗಳು ಬೆರೆತಿದ್ದವು. ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಕೆಡುಕಿಲ್ಲವೆಂದೂ ಅತಿಸೇವನೆಯು ದುರ್ಬಲಮನಸ್ಕರಲ್ಲಿ ಹುಚ್ಚನ್ನು ತರಬಹುದೆಂದೂ ಅಭಿಪ್ರಾಯಪಟ್ಟು, ಪೂರ್ಣ ನಿಷೇಧವನ್ನು ಬಿಟ್ಟು ಸುಂಕ ಮತ್ತು ಲೈಸೆನ್ಸುಗಳ ನಿಯಂತ್ರಣವನ್ನು ಆಯೋಗವು ಶಿಫಾರಸು ಮಾಡಿತು. ಗಾಂಜಾಪಕ್ಷಪಾತಿಗಳು ಈ ಎರಡು ಅಭಿಪ್ರಾಯಗಳಲ್ಲಿ ಮೊದಲನೆಯದನ್ನೂ, ಗಾಂಜಾದ್ವೇಷಿಗಳು ಎರಡನೆಯದನ್ನೂ ಎತ್ತಿ ಹೇಳುವುದು ರೂಢಿ. ವರದಿಯ ನಿಜವಾದ ಬೆಲೆ ಆ ಅಂಕಣದ ಪರಿಶೋಧನೆಯಲ್ಲಿದೆ.

ಔಷಧಯುಗ

ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಮನೋರೋಗಕ್ಕೆ ಔಷಧವೆಂದರೆ ಬ್ರೋಮೈಡ್, ಬಾರ್ಬಿಟ್ಯುರೇಟುಗಳಂಥ ನಿದ್ದೆಯ ಮದ್ದುಗಳಷ್ಟೇ. ಇನ್ಸುಲಿನ್ ಮೂರ್ಛೆ, ವಿದ್ಯುತ್‌ಕಂಪನ, ಮಿದುಳಿನ ಮುಂಭಾಗದ ನರಗಳನ್ನು ಕಡಿಯುವ ಶಸ್ತ್ರಕ್ರಿಯೆ ಇವು ಅಂದಿನ ಉಗ್ರ ಚಿಕಿತ್ಸೆಗಳು. ಈ ಸ್ಥಿತಿಯನ್ನು ಹತ್ತೇ ವರ್ಷಗಳೊಳಗೆ ಬುಡಮೇಲು ಮಾಡಿದ ಶೋಧಗಳಲ್ಲಿ ಒಂದಾದರೂ ರೋಗದ ಕಾರಣವನ್ನು ತಿಳಿದು ಹೊರಟದ್ದಲ್ಲ. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಉನ್ಮಾದರೋಗಿಗಳ ಮೂತ್ರದಲ್ಲಿ ವಿಷವಿರಬಹುದೆಂಬ ತಪ್ಪು ಊಹೆಯನ್ನು ಬೆನ್ನಟ್ಟಿ, ಗಿನಿಯಿಲಿಗಳಿಗೆ ಲಿಥಿಯಂ ಲವಣವನ್ನು ಚುಚ್ಚಿದಾಗ ಅವು ಶಾಂತವಾದುದನ್ನು ಕಂಡನು. ಕ್ಲೋರ್‌ಪ್ರೊಮಜೈನನ್ನು 1950ರ ಡಿಸೆಂಬರಿನಲ್ಲಿ ಫ್ರಾನ್ಸಿನ ರೋನ್ ಪೂಲಾಂಕ್ ಸಂಸ್ಥೆಯಲ್ಲಿ ಪೌಲ್ ಶಾರ್ಪಾಂತ್ಯೆ ಸಂಯೋಜಿಸಿದ್ದನು. ಅದನ್ನು ಶಸ್ತ್ರಕ್ರಿಯೆಯ ಆಘಾತ ತಗ್ಗಿಸಲು ಬಳಸುತ್ತಿದ್ದ ಆನ್ರಿ ಲಾಬೊರಿಯು ರೋಗಿಗಳಲ್ಲಿ ಕಂಡ ವಿಚಿತ್ರವಾದ ಉದಾಸೀನತೆಯನ್ನು ಗಮನಿಸಿ ಮನೋವೈದ್ಯರಿಗೆ ಸೂಚಿಸಿದನು. 1952ರಲ್ಲಿ ಪ್ಯಾರಿಸಿನ ಸೇಂತ್ ಆನ್ ಆಸ್ಪತ್ರೆಯ ಜಾನ್ ದಲೇ ಮತ್ತು ಪಿಯೆರ್ ದೆನಿಕೇರ್ ಇದನ್ನು ಉನ್ಮತ್ತ ರೋಗಿಗಳಿಗೆ ಕೊಟ್ಟು ಫಲಿತಾಂಶಗಳನ್ನು ಪ್ರಕಟಿಸಿದರು. ಭಾರತದ ಆಸ್ಪತ್ರೆಗಳಲ್ಲಿ ಲಾರ್ಗ್ಯಾಕ್ಟಿಲ್ ಎಂದು ಮನೆಮಾತಾದುದು ಇದೇ. ಇಮಿಪ್ರಮೀನ್ ಕೂಡ ಮೊದಲು ಇದರ ಬದಲಿಯಾಗಿ ಪ್ರಯೋಗಕ್ಕೆ ಬಂದು, ಆ ಕೆಲಸದಲ್ಲಿ ಸೋತು, ಸ್ವಿಟ್ಜರ್ಲೆಂಡಿನ ರೋಲಂಡ್ ಕೂನನ ಕೈಯಲ್ಲಿ ಖಿನ್ನತೆಯ ಮದ್ದಾಯಿತು.

ಈ ಕಥೆಯಲ್ಲಿ ನಮ್ಮ ದೇಶದ ಪಾಲನ್ನು ಪಾಶ್ಚಾತ್ಯ ಗ್ರಂಥಗಳು ಒಂದೆರಡು ಸಾಲುಗಳಲ್ಲಿ ದಾಟಿಸಿಬಿಡುವುದರಿಂದ ಇಲ್ಲಿ ತುಸು ವಿಸ್ತರಿಸುವುದು ಉಚಿತ. ಪಶ್ಚಿಮಘಟ್ಟದ ಕಾಡುಗಳಲ್ಲೂ ಹಿಮಾಲಯದ ತಪ್ಪಲಿನಲ್ಲೂ ಬೆಳೆಯುವ ಸರ್ಪಗಂಧಿಯ ಬೇರನ್ನು ಹಾವಿನ ಕಡಿತಕ್ಕೂ ನಿದ್ರಾಹೀನತೆಗೂ ಹುಚ್ಚಿಗೂ ಕೊಡುವುದು ಹಳೆಯ ರೂಢಿ. 1931ರಲ್ಲಿ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ಇಳಿಸುವುದನ್ನು ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದರು. ಅದೇ ಕಾಲಕ್ಕೆ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಬೇರಿನ ಕ್ಷಾರಸತ್ವಗಳನ್ನು ಬೇರ್ಪಡಿಸಿ ಒಂದಕ್ಕೆ ಹಕೀಂ ಅಜ್ಮಲ್ ಖಾನರ ನೆನಪಿನಲ್ಲಿ ಅಜ್ಮಲೀನ್ ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ರುಸ್ತಂ ಜಾಲ್ ವಕೀಲರು ರಕ್ತದೊತ್ತಡದಲ್ಲಿ ಅದರ ಉಪಯೋಗವನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಹೊರಜಗತ್ತು ಎಚ್ಚೆತ್ತುಕೊಂಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯು ಅದರಿಂದ ರೆಸರ್ಪಿನ್ ಎಂಬ ಸತ್ವವನ್ನು ತೆಗೆಯಿತು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಲ್ಲಿ ಪ್ರಯೋಗಿಸಿ ವರದಿ ಮಾಡಿದನು.

ರೆಸರ್ಪಿನ್ ಮದ್ದಾಗಿ ಬಹುಕಾಲ ನಿಲ್ಲಲಿಲ್ಲ. ಸಿದ್ಧಾಂತಕ್ಕೆ ತಾಯಿಬೇರಾಗಿ ಮಾತ್ರ ನಿಂತಿತು. ಅದು ಮಿದುಳಿನ ಸಿರೊಟೋನಿನ್ ಮುಂತಾದ ನರವಾಹಕಗಳ ಸಂಗ್ರಹವನ್ನು ಬರಿದು ಮಾಡುವುದೆಂದೂ, ಅದನ್ನು ಸೇವಿಸಿದ ಕೆಲವರಿಗೆ ಖಿನ್ನತೆ ಬರುವುದೆಂದೂ ಕಂಡುಬಂದಾಗ, ಖಿನ್ನತೆಯೆಂದರೆ ಈ ವಾಹಕಗಳ ಕೊರತೆಯೆಂಬ ಊಹೆ ಹುಟ್ಟಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರೆಸರ್ಪಿನ್ನಿನಿಂದ ಜಡವಾದ ಮೊಲಗಳನ್ನು ಎಲ್-ಡೋಪಾ ಕೊಟ್ಟು ಎಬ್ಬಿಸಿ ಡೋಪಮೀನಿನ ಮಹತ್ವವನ್ನು ತೋರಿಸಿದನು. ಇದಕ್ಕೆ ಮುಂದೆ 2000ನೆಯ ಇಸವಿಯ ನೊಬೆಲ್ ಪಾರಿತೋಷಕ ದೊರೆಯಿತು. ಭ್ರಮೆ ತಗ್ಗಿಸುವ ಔಷಧಗಳು ಡೋಪಮೀನಿನ ಕ್ರಿಯೆಯನ್ನು ತಡೆಯುತ್ತವೆಂಬುದು ಗೊತ್ತಾದಾಗ, ಸ್ಕಿಜೋಫ್ರೀನಿಯಾ ಎಂದರೆ ಡೋಪಮೀನಿನ ಅತಿರೇಕವೆಂಬ ಮತವೂ ಸಿದ್ಧವಾಯಿತು. ಮದ್ದು ಮೊದಲು ಬಂದು, ಮದ್ದಿನ ಕ್ರಿಯೆಯನ್ನು ತಿರುಗಿಸಿ ಹಿಡಿದು ರೋಗದ ಕಾರಣವನ್ನು ಬರೆದುಕೊಂಡ ಈ ಕ್ರಮವು, ಅಂದಿನ ಪೊಲೀಸನು ಅಂಕಣ ತುಂಬಿದ ಕ್ರಮಕ್ಕಿಂತ ಬಹಳ ದೂರವಿರಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. 1987ರಲ್ಲಿ ಅಮೆರಿಕದ ಮಾರುಕಟ್ಟೆಗೆ ಒಪ್ಪಿಗೆ ಪಡೆದ ಖಿನ್ನತೆಯ ಔಷಧ ಫ್ಲೂಆಕ್ಸೆಟಿನಿನ ಪ್ರಚಾರಕಾಲದಲ್ಲಿ, ಖಿನ್ನತೆಯನ್ನು ಕುರಿತ ಊಹೆಯು ರಾಸಾಯನಿಕ ಅಸಮತೋಲನವೆಂಬ ಜನಪ್ರಿಯ ಸೂತ್ರವಾಗಿ ಮನೆಮನೆಗೂ ತಲುಪಿತು. 2022ರಲ್ಲಿ ಬ್ರಿಟನ್ನಿನ ಜೋಅನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು ಲಭ್ಯ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ, ಖಿನ್ನತೆಯು ಸಿರೊಟೋನಿನ್ನಿನ ಕೊರತೆಯಿಂದ ಬರುವುದೆನ್ನಲು ಸಮರ್ಪಕ ಆಧಾರವಿಲ್ಲವೆಂದು ಪ್ರಕಟಿಸಿದಾಗ ಸಾಮಾನ್ಯ ಓದುಗರು ಬೆಚ್ಚಿದರು. ಹಲವು ಮನೋವೈದ್ಯರು, ಆ ಸರಳ ಸೂತ್ರವನ್ನು ತಾವು ಎಂದೋ ಕೈಬಿಟ್ಟಿದ್ದೇವೆಂದರು. ಕೈಬಿಟ್ಟ ಸಂಗತಿಯನ್ನು ರೋಗಿಗಳಿಗೆ ತಿಳಿಸುವುದರಲ್ಲಿ ಮಾತ್ರ ಅವರು ವಿಳಂಬಿಸಿದರೆಂಬ ಆಕ್ಷೇಪಣೆ ನ್ಯಾಯವಾದುದು.

ಸಿದ್ಧಾಂತ ಸಡಿಲವಾದ ಮಾತ್ರಕ್ಕೆ ಔಷಧ ನಿಷ್ಪ್ರಯೋಜಕವೆಂದಾಗುವುದಿಲ್ಲ. 2018ರಲ್ಲಿ ಆಂಡ್ರಿಯಾ ಚಿಪ್ರಿಯಾನಿ ಮುಂತಾದವರು 21 ಖಿನ್ನತೆಯ ಔಷಧಗಳ 522 ಪ್ರಯೋಗಗಳನ್ನು, ಒಟ್ಟು 1,16,477 ರೋಗಿಗಳ ಫಲಿತಾಂಶಗಳನ್ನು, ತುಲನೆ ಮಾಡಿದಾಗ ಅವೆಲ್ಲವೂ ಹುಸಿಮಾತ್ರೆಗಿಂತ ಮೇಲೆಂದು ಕಂಡುಬಂದಿತು. ಮೇಲ್ಮೆಯ ಪ್ರಮಾಣ ಮಾತ್ರ ಸಾಧಾರಣವೇ. ಅರ್ವಿಂಗ್ ಕರ್ಷ್ 2008ರಲ್ಲಿಯೇ ಈ ಸಾಧಾರಣತೆಯನ್ನು ಎತ್ತಿ ತೋರಿಸಿ, ತೀವ್ರ ಖಿನ್ನತೆಯ ಹೊರತು ಉಳಿದೆಡೆ ಈ ವ್ಯತ್ಯಾಸವು ರೋಗಿಯ ಅನುಭವಕ್ಕೆ ಬರುವಷ್ಟಿಲ್ಲವೆಂದು ವಾದಿಸಿದ್ದನು. ಲಿಥಿಯಂ, ಸ್ಕಿಜೋಫ್ರೀನಿಯಾಕ್ಕೆ ಕೊಡುವ ಕ್ಲೋಜಪೈನ್ ಇವೆರಡರ ಸ್ಥಾನ ಇದಕ್ಕಿಂತ ಭದ್ರ, ಆದರೆ ಅವುಗಳ ಬೆಲೆಯೂ ಹೆಚ್ಚು. ರಕ್ತದಲ್ಲಿ ಲಿಥಿಯಂ ಅಂಶ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲಿನೊಳಗೆ ಇದ್ದರೆ ಮದ್ದು, 1.5ನ್ನು ಮೀರಿದರೆ ವಿಷ. ಬೇಸಿಗೆಯಲ್ಲಿ ಬೆವರು ಸುರಿದು ನೀರು ಕುಡಿಯದೆ ದುಡಿದವನಿಗೆ ಈ ಗಡಿ ದಾಟುವುದು ಕಷ್ಟವಲ್ಲ. ಕ್ಲೋಜಪೈನನ್ನು ಬಿಳಿರಕ್ತಕಣಗಳ ಕುಸಿತದಿಂದ ಫಿನ್‌ಲೆಂಡಿನಲ್ಲಿ ಸಂಭವಿಸಿದ ಸಾವುಗಳ ನಂತರ 1975ರಲ್ಲಿ ಹಲವೆಡೆ ಹಿಂತೆಗೆದುಕೊಳ್ಳಲಾಯಿತು. 1988ರಲ್ಲಿ ಜಾನ್ ಕೇನ್ ನಡೆಸಿದ ಪ್ರಯೋಗದಲ್ಲಿ, ಬೇರಾವ ಮದ್ದಿಗೂ ಬಗ್ಗದ ರೋಗಿಗಳು ಇದಕ್ಕೆ ಬಗ್ಗಿದ್ದರಿಂದ ಅದು ಮರಳಿ ಬಂದಿತು. ಬ್ರಿಟನ್ನಿನ ಪದ್ಧತಿಯಂತೆ ಮೊದಲ 18 ವಾರ ಪ್ರತಿವಾರವೂ ರಕ್ತಪರೀಕ್ಷೆಯಾಗಬೇಕು, ಅನಂತರವೂ ಅದು ಪೂರ್ತಿ ನಿಲ್ಲುವುದಿಲ್ಲ. ಹಳೆಯ ಔಷಧಗಳು ತಂದ ಕೈನಡುಕ ಮತ್ತು ತುಟಿ, ನಾಲಗೆಗಳ ಅನೈಚ್ಛಿಕ ಚಲನೆಗಳನ್ನೂ, ಹೊಸವು ತರುವ ತೂಕವೃದ್ಧಿ ಮತ್ತು ಸಕ್ಕರೆಕಾಯಿಲೆಗಳನ್ನೂ ರೋಗಿಯ ಮನೆಯವರು ಅಂಕಿಅಂಶಗಳಿಲ್ಲದೆಯೇ ಬಲ್ಲರು.

ರೋಗವೇ ಮಿಥ್ಯೆಯೆಂಬ ವಾದ

ಔಷಧಗಳು ಆಸ್ಪತ್ರೆಗಳನ್ನು ಆಕ್ರಮಿಸುತ್ತಿದ್ದ ಕಾಲದಲ್ಲಿಯೇ ಮನೋವೈದ್ಯದ ತಳಹದಿಯನ್ನೇ ಪ್ರಶ್ನಿಸುವವರು ಹುಟ್ಟಿಕೊಂಡರು. ಬ್ರಿಟನ್ನಿನ ಆರ್. ಡಿ. ಲೇಂಗ್ 1960ರಲ್ಲಿ, ರೋಗಿಯ ಅಸಂಬದ್ಧವೆನಿಸುವ ಮಾತಿಗೂ ಅವನ ಬಾಳಿನ ಹಿನ್ನೆಲೆಯಲ್ಲಿ ಅರ್ಥವಿದೆಯೆಂದನು. 1961ರಲ್ಲಿ ಫ್ರಾನ್ಸಿನ ಮಿಶೆಲ್ ಫೂಕೋ, ಹುಚ್ಚರನ್ನು ಕೂಡಿಹಾಕಿದ ಇತಿಹಾಸವನ್ನು ಅಧಿಕಾರದ ಇತಿಹಾಸವಾಗಿ ಓದಿದನು. ಅದೇ ವರ್ಷ ಅಮೆರಿಕದ ಥಾಮಸ್ ಸಾಸ್, ಮನೋರೋಗವೆಂಬುದೊಂದು ಪುರಾಣವೆಂದೂ, ಅಂಗದಲ್ಲಿ ವಿಕೃತಿಯನ್ನು ತೋರಿಸಲಾಗದ ಸ್ಥಿತಿಯನ್ನು ರೋಗವೆನ್ನುವುದು ಕೇವಲ ರೂಪಕವೆಂದೂ, ಅಲ್ಲಿರುವುದು ಬಾಳುವೆಯ ಸಮಸ್ಯೆಗಳೆಂದೂ ಪ್ರತಿಪಾದಿಸಿದನು. ಮನೋರೋಗ ಮತ್ತು ಮಾದಕ ಇವೆರಡರ ಚರ್ಚೆಗೆ ಸಾಸ್ ಸಮಾನ ಪ್ರತಿವಾದಿ: 1974ರ ಗ್ರಂಥದಲ್ಲಿ ಅವನು, ಯಾವುದು ಮದ್ದು, ಯಾವುದು ಮಾದಕವೆಂದು ಸರ್ಕಾರ ತೀರ್ಮಾನಿಸುವುದು ವಿಜ್ಞಾನವಲ್ಲ, ಮಡಿಮೈಲಿಗೆಯ ಆಚರಣೆಯೆಂದು ವಾದಿಸಿ, ವಯಸ್ಕನು ತನ್ನ ದೇಹಕ್ಕೆ ಏನನ್ನು ಸೇರಿಸಿಕೊಳ್ಳಬೇಕೆಂಬುದರಲ್ಲೂ ಬಲವಂತದ ಚಿಕಿತ್ಸೆಯನ್ನು ನಿರಾಕರಿಸುವುದರಲ್ಲೂ ಒಂದೇ ಸ್ವಾತಂತ್ರ್ಯವಿದೆಯೆಂದನು.

1973ರಲ್ಲಿ ಅಮೆರಿಕದ ಮನೋವೈದ್ಯ ಸಂಘವು ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿದುದು ಈ ಟೀಕಾಕಾರರಿಗೆ ದೊರೆತ ಬಹು ದೊಡ್ಡ ಬೆಂಬಲ. ಅದೇ ವರ್ಷ ಡೇವಿಡ್ ರೋಸೆನ್‌ಹಾನ್, ಸ್ವಸ್ಥರು ಸುಳ್ಳು ಲಕ್ಷಣ ಹೇಳಿಕೊಂಡು ಆಸ್ಪತ್ರೆಗೆ ಸೇರಿದಾಗ ವೈದ್ಯರು ಅವರನ್ನು ಗುರುತಿಸಲಾರದೆ ಹೋದರೆಂದು ಪ್ರಕಟಿಸಿದ ಪ್ರಯೋಗವು ಬಹು ಕಾಲ ಪಠ್ಯಪುಸ್ತಕಗಳಲ್ಲಿ ಮೆರೆಯಿತು. 2019ರಲ್ಲಿ ಲೇಖಕಿ ಸುಸಾನಾ ಕಹಲನ್ ಆ ಪ್ರಯೋಗದ ದಾಖಲೆಗಳನ್ನು ಶೋಧಿಸಿ ಅದರ ಪ್ರಾಮಾಣ್ಯದ ವಿಷಯದಲ್ಲಿಯೇ ಗಂಭೀರ ಸಂಶಯಗಳನ್ನೆತ್ತಿದ್ದಾಳೆ. 1980ರಲ್ಲಿ ರಾಬರ್ಟ್ ಸ್ಪಿಟ್ಜರನ ನೇತೃತ್ವದಲ್ಲಿ ಹೊರಬಂದ ಮೂರನೆಯ ಅಮೆರಿಕನ್ ರೋಗಪಟ್ಟಿಯು ಕಾರಣಗಳ ಚರ್ಚೆಯನ್ನು ಬದಿಗಿಟ್ಟು ಲಕ್ಷಣಗಳನ್ನು ಎಣಿಸುವ ಮಾರ್ಗ ಹಿಡಿಯಿತು. ಇದರಿಂದ ವೈದ್ಯರಲ್ಲಿ ಒಮ್ಮತ ಹೆಚ್ಚಿತು, ಒಮ್ಮತವೇ ಸತ್ಯವಲ್ಲವಷ್ಟೆ. ಜೀವಶಾಸ್ತ್ರ, ಮನಸ್ಸು, ಸಮಾಜ ಮೂರನ್ನೂ ಕೂಡಿಸಿ ನೋಡಬೇಕೆಂದು ಜಾರ್ಜ್ ಎಂಗಲ್ 1977ರಲ್ಲಿ ಸೂಚಿಸಿದ ಮಾದರಿಯನ್ನು ಎಲ್ಲರೂ ಒಪ್ಪುತ್ತಾರೆ, ಐದು ನಿಮಿಷದ ಹೊರರೋಗಿ ತಪಾಸಣೆಯಲ್ಲಿ ಯಾರೂ ಪಾಲಿಸಲಾರರು.

ಗಾಂಜಾ: ಇಂದಿನ ಪ್ರಮಾಣಗಳು

ಕನ್ನಡನಾಡಿನಲ್ಲಿ ಭಂಗಿಯೆಂದೂ ಗಾಂಜಾವೆಂದೂ ಕರೆಯುವ ಗಿಡದ ಎಲೆಯಿಂದ ಭಾಂಗ್, ಹೆಣ್ಣುಗಿಡದ ಹೂಗೊಂಚಲಿನಿಂದ ಗಾಂಜಾ, ಅಂಟಿನಿಂದ ಚರಸ್ ದೊರೆಯುತ್ತವೆ. ಅಮಲಿಗೆ ಕಾರಣವಾದ ಟಿಎಚ್‌ಸಿ ಎಂಬ ಸತ್ವವನ್ನು 1964ರಲ್ಲಿ ಇಸ್ರೇಲಿನ ರಫಾಯಲ್ ಮೆಶೂಲಂ ಮತ್ತು ಯೆಹಿಯೆಲ್ ಗಾವೋನಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಮಿದುಳಿನಲ್ಲಿ ಅದಕ್ಕೆ ಗ್ರಾಹಕಗಳಿರುವುದು 1988ರಲ್ಲಿ ಗೊತ್ತಾಯಿತು. 1992ರಲ್ಲಿ ಆ ಗ್ರಾಹಕಗಳಿಗೆ ಅಂಟುವ, ದೇಹವೇ ತಯಾರಿಸುವ ವಸ್ತುವೊಂದು ಸಿಕ್ಕಿದಾಗ ಮೆಶೂಲಮನ ತಂಡವು ಸಂಸ್ಕೃತದಿಂದ ಪದವನ್ನು ಎರವಲು ಪಡೆದು ಆನಂದಮೈಡ್ ಎಂದು ಕರೆಯಿತು. ಈ ಗ್ರಾಹಕಗಳನ್ನು ತಡೆದು ಹಸಿವನ್ನು ತಗ್ಗಿಸಲೆಂದು ಯುರೋಪಿನಲ್ಲಿ ಮಾರಾಟಕ್ಕೆ ಬಂದ ರಿಮೊನಬಾಂಟ್ ಎಂಬ ಬೊಜ್ಜಿನ ಮದ್ದು, ಸೇವಿಸಿದವರಲ್ಲಿ ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಗಳನ್ನು ಹೆಚ್ಚಿಸಿದ್ದರಿಂದ 2008ರಲ್ಲಿ ಅದರ ಮಾರಾಟ ನಿಂತಿತು. ಗಾಂಜಾ ಸೇದದವನ ಮಿದುಳಿನಲ್ಲೂ ಈ ವ್ಯವಸ್ಥೆಗೆ ಮನಃಸ್ಥಿತಿಯೊಡನೆ ಸಂಬಂಧವಿದೆಯೆಂಬುದಕ್ಕೆ ಇದೊಂದು ದುಬಾರಿ ಸಾಕ್ಷ್ಯ.

ಗಾಂಜಾ ಮತ್ತು ಚಿತ್ತವೈಕಲ್ಯದ ಸಂಬಂಧವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ತೋರಿಸಿದ್ದು ಸ್ವೀಡನ್. ಅಲ್ಲಿ ಸೈನ್ಯಕ್ಕೆ ಕರೆಬಂದ 45,570 ತರುಣರನ್ನು 15 ವರ್ಷ ಹಿಂಬಾಲಿಸಿ 1987ರಲ್ಲಿ ಪ್ರಕಟವಾದ ವರದಿಯಂತೆ, ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಸೇವಿಸಿದ್ದವರಲ್ಲಿ ಸ್ಕಿಜೋಫ್ರೀನಿಯಾದ ಸಂಭವ ಆರು ಪಟ್ಟು. ಬೇರೆ ಕಾರಣಗಳನ್ನು ಕಳೆದ ಮೇಲೆ ಅದು ಸುಮಾರು ಎರಡೂಕಾಲು ಪಟ್ಟಿಗೆ ಇಳಿಯಿತು. ಈ ಇಳಿಕೆಯನ್ನು ಓದುಗನು ಗಮನಿಸಬೇಕು, ಏಕೆಂದರೆ ಗಾಂಜಾ ಸೇದುವವನು ಹಲವು ಸಲ ಮೊದಲೇ ತೊಂದರೆಯಲ್ಲಿದ್ದವನು. 2019ರಲ್ಲಿ ಮಾರ್ಟಾ ಡಿ ಫೋರ್ಟಿ ಮತ್ತು ಸಂಗಡಿಗರು ಯುರೋಪಿನ ಹಾಗೂ ಬ್ರೆಜಿಲಿನ 11 ಸ್ಥಳಗಳಲ್ಲಿ 901 ಹೊಸ ರೋಗಿಗಳನ್ನು 1,237 ಸ್ವಸ್ಥರೊಡನೆ ಹೋಲಿಸಿದಾಗ, ದಿನವೂ ಸೇದುವವರಲ್ಲಿ ಚಿತ್ತವೈಕಲ್ಯದ ಸಂಭವ ಮೂರು ಪಟ್ಟೆಂದೂ, ಶೇಕಡ 10ಕ್ಕೆ ಕಡಿಮೆಯಿಲ್ಲದ ಟಿಎಚ್‌ಸಿ ಇರುವ ಪ್ರಬಲ ತಳಿಯನ್ನು ದಿನವೂ ಸೇದುವವರಲ್ಲಿ ಸುಮಾರು ಐದು ಪಟ್ಟೆಂದೂ ಕಂಡುಬಂದಿತು. ಹಿಂದಿನ ಆಯೋಗದ ಕಾಲದ ಬೈರಾಗಿಯ ಚಿಲುಮೆಗೂ ಇಂದಿನ ಆಮ್‌ಸ್ಟರ್‌ಡ್ಯಾಮಿನ ಗಾಜಿನಮನೆಯ ಬೆಳೆಗೂ ಹೆಸರು ಒಂದೇ, ಸತ್ವ ಬೇರೆ.

ಇವುಗಳಿಂದ ಗಾಂಜಾವೇ ರೋಗದ ಕಾರಣವೆಂದು ಸಿದ್ಧವಾಯಿತೇ? ಸೇದುವವರಲ್ಲಿ ಬಹುಸಂಖ್ಯಾತರಿಗೆ ಏನೂ ಆಗುವುದಿಲ್ಲ. ಅದನ್ನು ಮುಟ್ಟದ ಅಸಂಖ್ಯರಿಗೆ ರೋಗ ಬರುತ್ತದೆ. ಒಳಗಿನ ಅಶಾಂತಿಯನ್ನು ಶಮನಗೊಳಿಸಲು ರೋಗಿಯೇ ಗಾಂಜಾದ ಮೊರೆ ಹೋಗುತ್ತಾನೆಂಬ ವಾದಕ್ಕೂ, ಎರಡಕ್ಕೂ ಒಂದೇ ಆನುವಂಶಿಕ ದೌರ್ಬಲ್ಯ ತಳದಲ್ಲಿರಬಹುದೆಂಬ ವಾದಕ್ಕೂ ತಕ್ಕಷ್ಟು ಆಧಾರವಿದೆ. ಆದರೂ ಸ್ವಸ್ಥರಿಗೆ ಟಿಎಚ್‌ಸಿಯನ್ನು ಚುಚ್ಚಿದಾಗ ಕೆಲಕಾಲ ಸಂಶಯ, ಭ್ರಮೆಗಳು ತೋರುವುದು ಯೇಲ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ದೃಢಪಟ್ಟಿರುವುದರಿಂದಲೂ, ಒಮ್ಮೆ ರೋಗಿಯಾದವನು ಸೇದುವುದನ್ನು ಮುಂದುವರಿಸಿದರೆ ರೋಗ ಮರುಕಳಿಸುವುದು ಹೆಚ್ಚೆಂದು ಹಲವು ಅಧ್ಯಯನಗಳು ಒಮ್ಮತದಿಂದ ಹೇಳುವುದರಿಂದಲೂ, ಹರೆಯದಲ್ಲಿ ತೊಡಗುವವರು, ಮನೆತನದಲ್ಲಿ ಈ ರೋಗ ಇರುವವರು, ಪ್ರಬಲ ತಳಿಯನ್ನು ದಿನವೂ ಸೇದುವವರು ಇವರ ಪಾಲಿಗೆ ಗಾಂಜಾವು ನಿರಪಾಯವೆನ್ನುವುದು ಹೊಣೆಗೇಡಿ ಮಾತು. ಲಕ್ನೋದ ವಿ. ಆರ್. ಠಾಕೋರ್ ಮತ್ತು ಎಸ್. ಆರ್. ಪಿ. ಶುಕ್ಲಾ 1976ರಲ್ಲಿ ಗಾಂಜಾಜನ್ಯ ಉನ್ಮಾದವು ಸ್ಕಿಜೋಫ್ರೀನಿಯಾದಿಂದ ಹೇಗೆ ಭಿನ್ನವೆಂದು ವಿವೇಚಿಸಿದ್ದರು. ಅವು ಎರಡು ರೋಗಗಳೇ, ಒಂದೇ ರೋಗದ ಎರಡು ಹೊಸ್ತಿಲುಗಳೇ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಇದೇ ಗಿಡದ ಇನ್ನೊಂದು ಸತ್ವವಾದ ಕ್ಯಾನಬಿಡಿಯಾಲ್ ಅಮಲು ತಾರದೆ, 2012ರಲ್ಲಿಯೂ 2018ರಲ್ಲಿಯೂ ಪ್ರಕಟವಾದ ಸಣ್ಣ ಪ್ರಯೋಗಗಳಲ್ಲಿ ಭ್ರಮೆಯನ್ನು ತಗ್ಗಿಸಿರುವುದರಿಂದ, ಗಾಂಜಾ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯ ರೂಪವೇ ತಪ್ಪೆನಿಸುತ್ತದೆ.

ಔಷಧ ಎಷ್ಟು ಕಾಲ?

ಸ್ಕಿಜೋಫ್ರೀನಿಯಾದಲ್ಲಿ ಔಷಧ ನಿಲ್ಲಿಸಿದರೆ ರೋಗ ಮರುಕಳಿಸುವುದೆಂಬುದಕ್ಕೆ ಬಲವಾದ ಪ್ರಮಾಣವಿದೆ: 2012ರಲ್ಲಿ ಸ್ಟೆಫಾನ್ ಲಾಯ್ಕ್ಟ್ ಮುಂತಾದವರು 65 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ, ವರ್ಷದೊಳಗೆ ಮರುಕಳಿಸಿದ್ದು ಔಷಧ ಪಡೆಯುತ್ತಿದ್ದವರಲ್ಲಿ ಶೇಕಡ 27, ಪಡೆಯದವರಲ್ಲಿ ಶೇಕಡ 64. ಆದರೆ 2013ರಲ್ಲಿ ನೆದರ್‌ಲೆಂಡ್ಸಿನ ಲೆಕ್ಸ್ ವುಂಡರಿಂಕ್, ಮೊದಲ ಸಲ ರೋಗಕ್ಕೀಡಾದವರಲ್ಲಿ ಔಷಧವನ್ನು ಬೇಗ ತಗ್ಗಿಸಿದ ಗುಂಪು ಏಳು ವರ್ಷಗಳ ನಂತರ ಹೆಚ್ಚು ಚೇತರಿಸಿಕೊಂಡಿತ್ತೆಂದು ವರದಿ ಮಾಡಿದುದರಿಂದ ವಿವಾದ ಹೊತ್ತಿತು. ಮಾನ್‌ಕ್ರೀಫಳೇ ಇಂಗ್ಲೆಂಡಿನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಆಸೆಯನ್ನು ಬೆಂಬಲಿಸಲಿಲ್ಲ: ಎರಡು ವರ್ಷಗಳಲ್ಲಿ, ಔಷಧ ತಗ್ಗಿಸಿದವರಲ್ಲಿ ಶೇಕಡ 25 ಮಂದಿ ಆಸ್ಪತ್ರೆ ಸೇರುವಷ್ಟು ಕೆಟ್ಟರು, ಮುಂದುವರಿಸಿದವರಲ್ಲಿ ಶೇಕಡ 13, ಸಾಮಾಜಿಕ ಜೀವನದಲ್ಲಿ ನಿರೀಕ್ಷಿಸಿದ ಲಾಭವೂ ಕಾಣಲಿಲ್ಲ. ಔಷಧದ ಪ್ರಬಲ ಟೀಕಾಕಾರಳೊಬ್ಬಳು ತನ್ನ ಮತಕ್ಕೆ ಪ್ರತಿಕೂಲವಾದ ಫಲವನ್ನು ಮುಚ್ಚಿಡದೆ ಪ್ರಕಟಿಸಿದುದು ಈ ಕಲುಷಿತ ವಾಗ್ಯುದ್ಧದಲ್ಲಿ ಗೌರವಾರ್ಹವಾದ ಸಂಗತಿ.

ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಬೇರೊಂದು ವೇಷದಲ್ಲಿ ಬರುತ್ತದೆ. ತನಗೆ ರೋಗವೇ ಇಲ್ಲವೆನ್ನುವವನಿಗೆ ತಿಳಿಯದಂತೆ ತಾಯಿಯೋ ಹೆಂಡತಿಯೋ ಮಾತ್ರೆಯನ್ನು ಅರೆದು ಕಾಫಿಯಲ್ಲಿ, ಹುಳಿಯಲ್ಲಿ ಬೆರೆಸಿ ಕೊಡುವುದು ಭಾರತದಲ್ಲಿ ಅಪರೂಪವಲ್ಲವೆಂಬುದನ್ನು ಚೆನ್ನೈಯ ಮನೋವೈದ್ಯರು ದಾಖಲಿಸಿದ್ದಾರೆ. ಅನ್ನದ ಬಗ್ಗೆಯೇ ವಿಷದ ಸಂಶಯವಿರುವ ರೋಗಿಗೆ ಅನ್ನದಲ್ಲಿ ಮದ್ದು ಬೆರೆಸುವುದರ ವಿಪರ್ಯಾಸವನ್ನು ಬೆರೆಸುವವರೇ ಎಲ್ಲರಿಗಿಂತ ಚೆನ್ನಾಗಿ ಅರಿತಿರುತ್ತಾರೆ. ಇನ್ನೊಂದು ದಾರಿ ಸರಪಳಿಯೆಂಬುದನ್ನೂ ಅರಿತಿರುತ್ತಾರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ದರ್ಗಾದ ಬಳಿಯ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾರದೆ ಸತ್ತರು.

ಕಾನೂನು ಮತ್ತು ಕರ್ನಾಟಕ

ಬೆಂಗಳೂರಿನ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೆಸರು ಬದಲಿಸಿಕೊಂಡು, ಹೊಸೂರು ರಸ್ತೆಯ ಇಂದಿನ ನಿವೇಶನಕ್ಕೆ ಸ್ಥಳಾಂತರಗೊಂಡು, 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಜೊತೆಗೂಡಿತು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಈ ಸಂಸ್ಥೆಯವರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯಕೇಂದ್ರದ ವೈದ್ಯರಿಗೆ ಅಲ್ಪಾವಧಿಯ ತರಬೇತಿಯಿತ್ತು ಬೆರಳೆಣಿಕೆಯ ಔಷಧಗಳಿಂದಲೇ ಹಳ್ಳಿಗಳಲ್ಲಿ ಚಿಕಿತ್ಸೆ ನಡೆಸಬಹುದೆಂದು ತೋರಿಸಿದುದು 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕನ್ನಡ ಸಾಹಿತ್ಯಕ್ಕೂ ಈ ವಿಷಯ ಹೊರಗಿನದಲ್ಲ: ‘ಕೊರವಂಜಿ’ ಪತ್ರಿಕೆಯ ರಾಶಿಯೆಂದು ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ ಮನೋವೈದ್ಯಕೀಯ ಗ್ರಂಥ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

1985ರ ಮಾದಕದ್ರವ್ಯ ಕಾಯಿದೆಯು ಗಾಂಜಾ, ಚರಸ್‌ಗಳನ್ನು ನಿಷೇಧಿಸಿ, ಹೂಗೊಂಚಲಿಲ್ಲದ ಬರಿಯ ಎಲೆ ಮತ್ತು ಬೀಜಗಳನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಈ ಕಾರಣದಿಂದಲೇ ಕೆಲವು ಉತ್ತರದ ರಾಜ್ಯಗಳಲ್ಲಿ ಭಾಂಗಿಗೆ ಲೈಸೆನ್ಸಿನ ಅಂಗಡಿಗಳಿವೆ, 2022ರಲ್ಲಿ ಕರ್ನಾಟಕ ಹೈಕೋರ್ಟು ಕೂಡ ಭಾಂಗ್ ಈ ಕಾಯಿದೆಯ ವ್ಯಾಪ್ತಿಗೆ ಬಾರದೆಂದು ಹೇಳಿ ಆರೋಪಿಯೊಬ್ಬನಿಗೆ ಜಾಮೀನು ಕೊಟ್ಟಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕದ್ರವ್ಯ ಆಯೋಗವು ಗಾಂಜಾವನ್ನು ಅತ್ಯಂತ ಅಪಾಯಕಾರಿ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತ ನೀಡಿತು. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯಪಾಲನಾ ಕಾಯಿದೆಯು ಮದ್ಯ ಮತ್ತು ಮಾದಕಗಳ ದುರ್ಬಳಕೆಯಿಂದ ಬರುವ ಸ್ಥಿತಿಗಳನ್ನು ಮನೋರೋಗದ ವ್ಯಾಖ್ಯೆಯೊಳಗೆ ಸೇರಿಸಿದೆ, ಸರಪಳಿಯನ್ನು ನಿಷೇಧಿಸಿದೆ, ಸ್ವಸ್ಥನಾಗಿದ್ದಾಗಲೇ ತನಗೆ ಬೇಕಾದ ಮತ್ತು ಬೇಡವಾದ ಚಿಕಿತ್ಸೆಯನ್ನು ಬರೆದಿಡುವ ಹಕ್ಕನ್ನು ಪ್ರತಿ ವಯಸ್ಕನಿಗೂ ಕೊಟ್ಟಿದೆ. ಒಬ್ಬನೇ ತರುಣನು ಒಂದು ಕಾಯಿದೆಯ ಕಣ್ಣಿಗೆ ಅಪರಾಧಿಯೂ ಇನ್ನೊಂದರ ಕಣ್ಣಿಗೆ ರೋಗಿಯೂ ಆಗುವ ಈ ದ್ವಂದ್ವವನ್ನು ಶಾಸನಕರ್ತರು ಇನ್ನೂ ಪರಿಹರಿಸಿಲ್ಲ. ಗಾಂಜಾ ಸೇದುವ ರೋಗಿಯು ಕಾನೂನಿನ ಭಯದಿಂದ ವೈದ್ಯರ ಮುಂದೆ ಅದನ್ನು ಮುಚ್ಚಿಡುತ್ತಾನೆ; ಸೇದಿದ ಹೊಗೆಯು ಕ್ಲೋಜಪೈನ್, ಒಲಾಂಜಪೈನ್‌ಗಳನ್ನು ದೇಹದಿಂದ ಬೇಗ ಹೊರಹಾಕುವುದರಿಂದ, ಕಾರಣವರಿಯದ ವೈದ್ಯರು ಮಾತ್ರೆಯ ಪ್ರಮಾಣವನ್ನು ಏರಿಸುತ್ತ ಹೋಗುತ್ತಾರೆ.

ಔಷಧ ಅತಿಯಾಯಿತೆಂಬ ದೂರು ಹುಟ್ಟಿದ್ದು ಔಷಧ ಸುಲಭವಾಗಿ ಸಿಗುವ ದೇಶಗಳಲ್ಲಿ. ಭಾರತದ ಸ್ಥಿತಿ ಬೇರೆ: ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇಕಡ 10.6 ಮಂದಿಗೆ ಯಾವುದಾದರೊಂದು ಮನೋರೋಗವಿತ್ತು, ಚಿಕಿತ್ಸೆ ದೊರೆಯದವರ ಪ್ರಮಾಣ ರೋಗವನ್ನನುಸರಿಸಿ ಶೇಕಡ 70ರಿಂದ 92ರವರೆಗೂ ಇತ್ತು. ಇಂಥವರ ನೆರವಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆಯ ಸಂಖ್ಯೆ 14416. ಶುಲ್ಕವಿಲ್ಲ, ಕನ್ನಡದಲ್ಲಿ ಮಾತನಾಡಬಹುದು.